ಹಾಸನದಲ್ಲಿ 760 ಸಿಗಲ್ಲ: ವ್ಯಾಕ್ಯೂಮ್ ಲೆಕ್ಕದ ಸಾಫ್ಟ್‌ವೇರ್ ಜೊತೆ ಮೂರು ವರ್ಷ

ಐದಕ್ಕೆ ಮೂರೂವರೆ ಸ್ಟಾರ್. ಹೋದ ವರ್ಷ ಕೇಳಿದ್ದರೆ ಯೋಚನೆ ಮಾಡದೆ ಐದು ಕೊಡುತ್ತಿದ್ದೆ. ಮಧ್ಯೆ ಒಂದು ಪಂಪಿನ ವಿಷಯ ನಡೆಯಿತು. ಘಟ್ಟದ ಮೇಲಿನ ಊರುಗಳಲ್ಲಿ ಕೆಲಸ ಮಾಡುವ ಯಾರಿಗಾದರೂ ಅದು ಆಗಬಹುದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಾಸನದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್‌ನಲ್ಲಿ ಮೇಂಟೆನೆನ್ಸ್ ನನ್ನದು. ಕಾಫಿ ಡಿಕಾಕ್ಷನ್ ಗಟ್ಟಿ ಮಾಡುವ ಇವ್ಯಾಪೊರೇಟರ್ ಒಂದು, ಒಣಗಿಸುವ ವ್ಯಾಕ್ಯೂಮ್ ಟ್ರೇ ಡ್ರೈಯರ್ ಒಂದು. ಎರಡರಲ್ಲೂ ಪಂಪಿನಿಂದ ಒಳಗಿನ ಗಾಳಿ ಎಳೆದು ಒತ್ತಡ ಇಳಿಸುತ್ತೇವೆ, ಅದೇ ವ್ಯಾಕ್ಯೂಮ್. ಇವುಗಳ ಒತ್ತಡ, ಲೀಕ್, ಪೈಪ್, ಪಂಪ್ ಲೆಕ್ಕ ಹಾಕಲು ದುಡ್ಡು ಕೊಟ್ಟು ಕೊಂಡದ್ದು ಈ ಸಾಫ್ಟ್‌ವೇರ್. ಅದರಲ್ಲಿ ಏನೇನಿದೆ ಅನ್ನುವ ಪೂರ್ತಿ ಪಟ್ಟಿಯನ್ನು ಬಿಡುತ್ತೇನೆ. ದುಡ್ಡು ಕೊಡದೆ ಸಿಗುವುದೂ ಇದೆ. ಯುರೋಪಿನ ಕಣ ವಿಜ್ಞಾನ ಸಂಸ್ಥೆ ಸರ್ನ್‌ನ ಮಾಲ್‌ಫ್ಲೋ ಒಳ್ಳೆಯದು. ಆದರೆ ಅದು ಅಣುಗಳು ಒಂದಕ್ಕೊಂದು ತಾಗದಷ್ಟು ವಿರಳವಾಗಿರುವ ಹೈ ವ್ಯಾಕ್ಯೂಮ್‌ಗೆ. ಒತ್ತಡವನ್ನು ಮಿಲಿಬಾರ್‌ಗಳಲ್ಲಿ ಅಳೆಯುವ ನಮ್ಮಂಥವರಿಗಲ್ಲ.

ನನಗೆ ತುಂಬ ಇಷ್ಟವಾದದ್ದು ಬೆಳಗಿನ ಲೀಕ್ ಟೆಸ್ಟ್. ಏಳೂಕಾಲಿಗೆ ಕಾಫಿ ಮುಗಿಸಿ ಡ್ರೈಯರ್ ಹತ್ತಿರ ಹೋಗುತ್ತೇವೆ. ಖಾಲಿ ಚೇಂಬರ್‌ನ ಗಾಳಿಯನ್ನು ಎಳೆದು, ಪಂಪ್ ಕಡೆಯ ವಾಲ್ವ್ ಮುಚ್ಚಿ ಸುಮ್ನೆ ನಿಲ್ಲುತ್ತೇವೆ. ಹೆಲ್ಪರ್ ಹುಡುಗ ನಿಮಿಷಕ್ಕೊಮ್ಮೆ ಡಿಜಿಟಲ್ ಗೇಜ್ ನೋಡಿ ಕೂಗುತ್ತಾನೆ, "ಸಾರ್, ಒಂದು ಪಾಯಿಂಟ್ ಎರಡು!" ನಾನು ಬರೆದುಕೊಳ್ಳುತ್ತೇನೆ. ಹತ್ತು ನಿಮಿಷ, ಹತ್ತು ಅಂಕಿ. ಆಮೇಲೆ ಲ್ಯಾಪ್‌ಟಾಪ್‌ಗೆ ತುಂಬಿಸಿದರೆ ಗೆರೆ ಬರುತ್ತದೆ. ಗೆರೆ ನೇರವಾಗಿ ಏರುತ್ತಾ ಹೋದರೆ ಹೊರಗಿನ ಗಾಳಿ ನುಗ್ಗುತ್ತಿದೆ ಎಂದರ್ಥ. ಮೊದಲು ಏರಿ ಆಮೇಲೆ ಬಾಗಿದರೆ ಲೀಕ್ ಅಲ್ಲ, ಹಿಂದಿನ ದಿನದ ತೇವ ಟ್ರೇಗಳಲ್ಲಿ ಉಳಿದಿದೆ. ಈ ಎರಡನ್ನು ಬಿಡಿಸಿ ನೋಡೋದಕ್ಕೆ ಮೊದಲು ನನಗೆ ಅರ್ಧ ದಿನ ಹೋಗುತ್ತಿತ್ತು.

ನಮ್ಮ ಚೇಂಬರ್ 1500 ಲೀಟರ್. ಎಂದಿನಂತೆ ಹತ್ತು ನಿಮಿಷಕ್ಕೆ ಒಂದು ಮಿಲಿಬಾರ್ ಏರುತ್ತದೆ. ಅದನ್ನು 1500ರಿಂದ ಗುಣಿಸಿ 600 ಸೆಕೆಂಡಿಗೆ ಭಾಗಿಸಿದರೆ ಲೀಕ್ ಸೆಕೆಂಡಿಗೆ 2.5 ಮಿಲಿಬಾರ್ ಲೀಟರ್. ಒಂದು ಸೋಮವಾರ ನಾಲ್ಕು ಮಿಲಿಬಾರ್ ಏರಿತು, ಗೆರೆ ನೂಲು ಹಿಡಿದಷ್ಟು ನೇರ. ಊದುಬತ್ತಿ ಹಚ್ಚಿ ಬಾಗಿಲ ಸುತ್ತ ನಿಧಾನಕ್ಕೆ ಹಿಡಿದುಕೊಂಡು ಹೋದೆವು. ಕೆಳಗಿನ ಎಡ ಮೂಲೆಯಲ್ಲಿ ಹೊಗೆ ಸರ್ರನೆ ಒಳಕ್ಕೆ ಹೋಯಿತು. ಗ್ಯಾಸ್ಕೆಟ್ ಅಲ್ಲಿ ಸೀಳಿತ್ತು. ಎಂಟೂವರೆಗೆ ಮೊದಲ ಬ್ಯಾಚ್ ಒಳಗೆ.

ದುಡ್ಡು ಉಳಿಸಿದ್ದೂ ಇದೇ ಸಾಫ್ಟ್‌ವೇರ್. ಡ್ರೈಯರ್ ನಿಧಾನ ಅಂತ ಪಂಪ್ ಮಾರುವವರು ದೊಡ್ಡ ಪಂಪ್ ಹಾಕಿಸಿ ಅಂದಿದ್ದರು. ಯಜಮಾನರು ಒಪ್ಪಿಯೂ ಆಗಿತ್ತು. ಆರ್ಡರ್ ಕೊಡುವ ಹಿಂದಿನ ರಾತ್ರಿ ಕೂತು ಪೈಪ್ ಅಳತೆ ಹಾಕಿ ನೋಡಿದೆ. ಗಂಟೆಗೆ 100 ಘನ ಮೀಟರ್ ಎಳೆಯುವ ಪಂಪು. ಅದಕ್ಕೂ ಚೇಂಬರ್‌ಗೂ ನಡುವೆ ಎಂಟು ಮೀಟರ್ ಉದ್ದದ ಒಂದು ಇಂಚಿನ ಪೈಪ್. ಒಂದು ಮಿಲಿಬಾರ್ ಹತ್ತಿರ ಬಂದಾಗ ಚೇಂಬರ್‌ಗೆ ಸಿಗುತ್ತಿದ್ದುದು ಬರೀ 20! ಪೈಪ್ ಎರಡು ಇಂಚು ಮಾಡಿದರೆ 80. ಈ ಒತ್ತಡದಲ್ಲಿ ವ್ಯಾಸ ಎರಡರಷ್ಟಾದರೆ ಗಾಳಿಗೆ ದಾರಿ ಹದಿನಾರು ಪಟ್ಟು ಸಲೀಸಾಗುತ್ತದೆ. ಪಂಪ್ ಹಾಗೇ ಇಟ್ಟು ಪೈಪ್ ಬದಲಾಯಿಸಿದೆವು. ಲೈಸೆನ್ಸಿನ ದುಡ್ಡು ಅಲ್ಲೇ ಹುಟ್ಟಿತು.

ಇನ್ನು ಬೇಜಾರಿನ ಮಾತು.

ಇವ್ಯಾಪೊರೇಟರ್‌ನ ವಾಟರ್ ರಿಂಗ್ ಪಂಪನ್ನು (ಒಳಗೆ ಸುತ್ತುವ ನೀರಿನ ಬಳೆಯಿಂದ ಗಾಳಿ ಎಳೆಯುವ ಪಂಪ್) ರಿಪೇರಿಗೆ ಮಂಗಳೂರಿಗೆ ಕಳಿಸಿದ್ದೆವು. ಅಲ್ಲಿ ಟೆಸ್ಟ್ ಮಾಡಿ, 715 ಎಂಎಂ (ಪಾದರಸದ ಮಿಲಿಮೀಟರ್, ಒತ್ತಡದ ಇನ್ನೊಂದು ಅಳತೆ) ವ್ಯಾಕ್ಯೂಮ್ ಬಂತು ಅಂತ ಬರೆದು ಕಳಿಸಿದರು. ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬಂದ ಪಂಪನ್ನು ಕೂರಿಸಿದರೆ ನಮ್ಮ ಹಳೆ ಡಯಲ್ ಗೇಜ್ 630ಕ್ಕೆ ನಿಂತುಬಿಟ್ಟಿತು. ಹೊಸ ಫೈಲ್ ತೆರೆದು 630 ಹಾಕಿದೆ. ಒಳಗಿನ ಒತ್ತಡ 173 ಮಿಲಿಬಾರ್, ಪಂಪ್ ಸವೆದಿದೆ ಅಂತ ರಿಪೋರ್ಟ್ ಬಂತು. ಅದನ್ನೇ ಪ್ರಿಂಟ್ ತೆಗೆದು ಯಜಮಾನರಿಗೆ ತೋರಿಸಿದೆ. ಮಂಗಳೂರಿಗೆ ಫೋನ್ ಮಾಡಿ ಗಟ್ಟಿಯಾಗಿಯೇ ಮಾತಾಡಿದೆ. ಅವರು ಹೇಳಿದ್ದು ಒಂದೇ ಮಾತು, "ಎಂತ ಮಾರಾಯ್ರೆ, ನಾನು ಕಣ್ಣಾರೆ ನೋಡಿದ್ದೇನೆ, 715 ಇತ್ತು."

ಮಾರನೇ ದಿನ ಬರೀ ನೀರು ಹಾಕಿ ಇವ್ಯಾಪೊರೇಟರ್ ಓಡಿಸಿದೆ. ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದಂತೆ ನೀರು ಕುದಿಯೋಕೆ ಶುರುವಾಯಿತು. ಥರ್ಮಾಮೀಟರ್ 37 ಡಿಗ್ರಿ ತೋರಿಸುತ್ತಿತ್ತು. 173 ಮಿಲಿಬಾರ್ ಇದ್ದರೆ ನೀರು 57 ಡಿಗ್ರಿವರೆಗೂ ಕುದಿಯಲ್ಲ. 37ಕ್ಕೆ ಕುದಿಯಿತು ಅಂದರೆ ಒಳಗೆ ಇರುವುದು 60 ಚಿಲ್ಲರೆ ಮಿಲಿಬಾರ್ ಅಷ್ಟೇ. ಪಂಪ್ ಚೆನ್ನಾಗಿಯೇ ಇದೆ!

ಆಮೇಲೆ ಹುಡುಕಿದೆ. ಡಯಲ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಮ್ಮಿ ಅನ್ನೋದನ್ನು. ಮಂಗಳೂರು ಕಡಲ ದಂಡೆ, ಹೊರಗಿನ ಒತ್ತಡ 760 ಎಂಎಂ. ಹಾಸನ ಸುಮಾರು 970 ಮೀಟರ್ ಎತ್ತರ, ಇಲ್ಲಿ ಇರುವುದೇ 676ರ ಆಸುಪಾಸು. ಅಲ್ಲಿ 760ರಲ್ಲಿ 715 ಕಳೆದರೆ 45. ಇಲ್ಲಿ 676ರಲ್ಲಿ 630 ಕಳೆದರೆ 46. ಅದೇ ಪಂಪ್, ಅದೇ ವ್ಯಾಕ್ಯೂಮ್. ಸಾಫ್ಟ್‌ವೇರ್ ಮಾತ್ರ ನಮ್ಮನ್ನು ಕಡಲ ದಂಡೆಯಲ್ಲಿ ಕೂರಿಸಿ ಲೆಕ್ಕ ಹಾಕಿತ್ತು.

ಊರಿನ ಒತ್ತಡ ಬದಲಾಯಿಸಲು ಜಾಗ ಇಲ್ಲವೇ ಅಂದರೆ ಇದೆ. ಮೂರು ಕಿಟಕಿ ದಾಟಿ ಒಳಗೆ ಹೋಗಬೇಕು. ಮೊದಲ ವರ್ಷ ಅದನ್ನು ಸರಿ ಮಾಡಿದ್ದೆ ಕೂಡ. ಆದರೆ ಹೊಸ ಫೈಲ್ ತೆರೆದಾಗಲೆಲ್ಲ ಅದು ಮತ್ತೆ 1013 ಮಿಲಿಬಾರ್‌ಗೆ, ಅಂದರೆ ಕಡಲ ದಂಡೆಯ 760 ಎಂಎಂಗೆ ಹೋಗಿ ಕೂರುತ್ತದೆ. ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದಕ್ಕೆ. ಯಾವ ಒತ್ತಡ ಹಿಡಿದು ಲೆಕ್ಕ ಮಾಡಿದೆ ಅಂತ ರಿಪೋರ್ಟ್‌ನಲ್ಲಿ ಎಲ್ಲೂ ಅಚ್ಚಾಗಲ್ಲ. ಅಲ್ಲಿ ಒಂದೇ ಸಾಲು ಇದ್ದಿದ್ದರೆ ಒಬ್ಬ ಒಳ್ಳೆಯ ಕೆಲಸಗಾರನ ಮೇಲೆ ನಾನು ದನಿ ಎತ್ತುತ್ತಿರಲಿಲ್ಲ, ಅಲ್ವಾ? ಅದೇ ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಎರಡು ವರ್ಷ ಈ ದೋಷ ಕಣ್ಣಿಗೆ ಬೀಳದಿದ್ದಕ್ಕೂ ಕಾರಣ ಇದೆ. ಡ್ರೈಯರ್‌ನ ಡಿಜಿಟಲ್ ಗೇಜ್ ಗಾಳಿಯೇ ಇಲ್ಲದ ಸೊನ್ನೆಯಿಂದಲೇ ಅಳೆಯುತ್ತದೆ, ಹೊರಗಿನ ಒತ್ತಡದ ಹಂಗಿಲ್ಲ. ಒಂದು ಮಿಲಿಬಾರ್‌ಗೆ ಇಳಿಯಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕದಲ್ಲೂ 1013ರಿಂದ ಶುರು ಮಾಡಿದರೂ ಹಾಸನದ 902ರಿಂದ (676 ಎಂಎಂ ಅಂದರೆ ಇಷ್ಟೇ ಮಿಲಿಬಾರ್) ಮಾಡಿದರೂ ವ್ಯತ್ಯಾಸ ನೂರಕ್ಕೆ ಎರಡೂ ಬರಲ್ಲ. ಡಯಲ್ ಗೇಜ್ ಅಂಕಿ ತುಂಬಿಸಿದಾಗ ಮಾತ್ರ ದಾರಿ ತಪ್ಪುತ್ತದೆ. ನಮ್ಮ ಕಡೆ ಹಳೆ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಡಯಲ್ ಗೇಜೇ.

ಈಗ 902 ಹಾಕಿದ ಒಂದು ಖಾಲಿ ಫೈಲ್ ಮಾಡಿಟ್ಟುಕೊಂಡಿದ್ದೇನೆ. ಯಾವ ಕೆಲಸವಿದ್ದರೂ ಅದನ್ನೇ ಕಾಪಿ ಮಾಡಿ ಶುರು ಮಾಡುತ್ತೇನೆ. ಚಿಕ್ಕಮಗಳೂರಿನಲ್ಲಿ ಕಾಫಿ ಪ್ಯಾಕಿಂಗ್ ನೋಡಿಕೊಳ್ಳುವ ಗೆಳೆಯನಿಗೂ ಒಂದು ಕೊಟ್ಟೆ. ಅವರ ಊರು ಇನ್ನೂ ಎತ್ತರ, ಅಲ್ಲಿಗೆ 889 ಹಾಕಿದ್ದೇವೆ. ಮುಂದಿನ ತಿಂಗಳು ಅಪ್‌ಡೇಟ್‌ಗೆ ದುಡ್ಡು ಕಟ್ಟಬೇಕು. ಕಟ್ಟೋಣ್ವಾ ಅಂತ ಯಜಮಾನರು ಕೇಳಿದರು. ಕಟ್ಟಿ ಸಾರ್ ಅಂದಿದ್ದೇನೆ. ಜೊತೆಗೆ, ರಿಪೋರ್ಟ್‌ನ ಮೊದಲ ಸಾಲಿನಲ್ಲೇ ಊರಿನ ಒತ್ತಡ ಅಚ್ಚಾಗಲಿ ಅಂತ ಸಾಫ್ಟ್‌ವೇರ್ ಮಾಡಿದವರಿಗೆ ಬರೆದು ಕಳಿಸಿದ್ದೇನೆ. ಅದು ಬಂದ ದಿನ ಉಳಿದ ಒಂದೂವರೆ ಸ್ಟಾರ್ ಇಲ್ಲೇ ಸೇರಿಸುತ್ತೇನೆ.