ಸ್ಕಾಲಾಡಾಕ್ ವಿಮರ್ಶೆ: ಇಂಪ್ಲಿಸಿಟ್ ಆರ್ಗ್ಯುಮೆಂಟ್ ಬಚ್ಚಿಟ್ಟರೆ ಆಗುವ ತೊಂದರೆ

ಸ್ಕಾಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ, ಕೋಡ್ ಮತ್ತು ಅದರ ಕಮೆಂಟ್‌ಗಳಿಂದ ವಿವರಣೆಯ ಪುಟಗಳನ್ನು ತಯಾರಿಸುವ ಸ್ಕಾಲಾಡಾಕ್ ಒಳ್ಳೆಯ ಟೂಲ್. ಆದರೆ 2.8ರಿಂದ 2.12ರವರೆಗಿನ ಆವೃತ್ತಿಗಳ ಪುಟ ಓದುವಾಗ ಮೆಥಡ್‌ನ ಮೊದಲ ಸಾಲನ್ನೇ ನಂಬಬೇಡಿ.

2010ರಲ್ಲಿ ಬಂದ 2.8ರ ಕಲೆಕ್ಷನ್ ಲೈಬ್ರರಿಯಲ್ಲಿ ಲಿಸ್ಟ್‌ನ ಮ್ಯಾಪ್‌ಗೆ (ಪ್ರತಿ ಅಂಶಕ್ಕೂ ಫಂಕ್ಷನ್ ಅನ್ವಯಿಸುವ ಮೆಥಡ್) ಫಂಕ್ಷನ್ ಜೊತೆ ಕ್ಯಾನ್‌ಬಿಲ್ಡ್‌ಫ್ರಮ್ ಎಂಬ ಇಂಪ್ಲಿಸಿಟ್ (ನಾವು ಬರೆಯದಿದ್ದರೂ ಕಂಪೈಲರ್ ತಾನೇ ಹುಡುಕಿ ತುಂಬುವ ಆರ್ಗ್ಯುಮೆಂಟ್) ಕೂಡ ಬೇಕಿತ್ತು. ಫಲಿತಾಂಶದ ಟೈಪ್ ಏನೆಂದು ತೀರ್ಮಾನಿಸುತ್ತಿದ್ದುದೇ ಅದು. ಪುಟದಲ್ಲಿ ಮಾತ್ರ 'ಯೂಸ್ ಕೇಸ್' ಎಂಬ ಗುರುತಿನಡಿ, ಫಂಕ್ಷನ್ ಕೊಟ್ಟರೆ ಲಿಸ್ಟ್[ಬಿ] (ಬಿ ಟೈಪ್‌ನ ಅಂಶಗಳ ಲಿಸ್ಟ್) ಬರುತ್ತದೆ ಎಂಬ ಸರಳ ರೂಪ ಕಾಣುತ್ತಿತ್ತು. ಅಸಲಿ ರೂಪ ಬೇಕೆಂದರೆ ಸಾಲನ್ನು ಬಿಚ್ಚಿ 'ಫುಲ್ ಸಿಗ್ನೇಚರ್' (ಪ್ಯಾರಾಮೀಟರ್ ಮತ್ತು ಫಲಿತಾಂಶದ ಟೈಪ್‌ಗಳಿರುವ ಪೂರ್ತಿ ಸಾಲು) ಒತ್ತಬೇಕು. ಅದನ್ನು ಒತ್ತದವರಿಗೆ, ಕೋಡ್‌ನಲ್ಲಿ ಮ್ಯಾಪ್‌ನ ಎರಡನೇ ಆವರಣದಲ್ಲಿ ಬ್ರೇಕ್‌ಔಟ್ (ಕೈಯಾರೆ ಕೊಡುವ ಕ್ಯಾನ್‌ಬಿಲ್ಡ್‌ಫ್ರಮ್) ಕಂಡಾಗ ಆ ಆವರಣ ಎಲ್ಲಿಂದ ಬಂತೆಂದೇ ತಿಳಿಯದು. ಕಂಪೈಲರ್ ಎರರ್‌ನಲ್ಲಿಯೂ ಪುಟದಲ್ಲಿ ಕಾಣದ ಹೆಸರೇ.

ಸರಳ ರೂಪವನ್ನು ಕಮೆಂಟ್‌ನಲ್ಲಿ ಕೈಯಾರೆ ಬರೆಯುತ್ತಿದ್ದರು. ಕಲೆಕ್ಷನ್‌ನ ಹೆಸರು ಮಾತ್ರ ಟೆಂಪ್ಲೇಟ್‌ನಿಂದ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಸ್ಟ್ರಿಂಗ್‌ಗೆ ಕಲೆಕ್ಷನ್ ಮೆಥಡ್‌ಗಳನ್ನು ಒದಗಿಸುವ ಸ್ಟ್ರಿಂಗ್‌ಆಪ್ಸ್ ಪುಟದಲ್ಲಿ ಮ್ಯಾಪ್‌ನ ಫಲಿತಾಂಶ ಸ್ಟ್ರಿಂಗ್[ಬಿ] ಎಂದು ಅಚ್ಚಾಯಿತು. ಸ್ಟ್ರಿಂಗ್‌ಗೆ ಟೈಪ್ ಪ್ಯಾರಾಮೀಟರ್ ಇಲ್ಲವೇ ಇಲ್ಲ! 2019ರ 2.13ರಲ್ಲಿ ಕ್ಯಾನ್‌ಬಿಲ್ಡ್‌ಫ್ರಮ್ ಹೋಗಿ ಸರಳ ರೂಪವೇ ಅಸಲಿ ರೂಪವಾಯಿತು. ಸರಿಹೋದದ್ದು ಲೈಬ್ರರಿ, ಅದರ ಶ್ರೇಯಸ್ಸು ಟೂಲ್‌ಗೆ ಸಲ್ಲದು.

ಮುಚ್ಚುಮರೆ ಇಲ್ಲದ ಕಡೆ ಸ್ಕಾಲಾಡಾಕ್ ನಿಜಕ್ಕೂ ಚೆನ್ನ. ಸಾರ್ಟೆಡ್‌ನ ಸಾಲಿನಲ್ಲೇ ಆರ್ಡರಿಂಗ್ ಎಂಬ ಇಂಪ್ಲಿಸಿಟ್ ಇದೆ, ಹೆಸರು ಒತ್ತಿದರೆ ಅದರ ಪುಟ ತೆರೆಯುತ್ತದೆ. ಕಾಂಟೆಕ್ಸ್ಟ್ ಬೌಂಡ್ (ಟೈಪ್ ಪ್ಯಾರಾಮೀಟರ್ ಪಕ್ಕದಲ್ಲೇ ಇಂಪ್ಲಿಸಿಟ್ ಬೇಕೆಂದು ಸೂಚಿಸುವ ಚುಟುಕು ರೂಪ) ಆಗಿ ಬರೆದದ್ದು ಮಾತ್ರ 'ಆರ್ಗ್0' ಎಂಬ ಬರಡು ಹೆಸರಿನಲ್ಲಿ ಬರುತ್ತದೆ. ಟುಅರೇಯ ಕ್ಲಾಸ್‌ಟ್ಯಾಗ್ ನೋಡಿ. ಓದುವವರಿಗೆ ಮುಖ್ಯವಾದ ಇಂಪ್ಲಿಸಿಟ್ ಆದರೆ ಅದಕ್ಕೆ ನೀವೇ ಹೆಸರು ಕೊಟ್ಟು, ಪೂರ್ತಿ ಪ್ಯಾರಾಮೀಟರ್ ಆಗಿ ಬರೆಯಿರಿ.

ಇಂಪ್ಲಿಸಿಟ್ ಕ್ಲಾಸ್‌ನಿಂದ ಸೇರಿಸಿದ ಮೆಥಡ್‌ಗಳು ತಾವಾಗಿ ಕಾಣುವುದಿಲ್ಲ. ಎಸ್‌ಬಿಟಿ ಎಂಬ ಬಿಲ್ಡ್ ಟೂಲ್‌ನಲ್ಲಿ ಡಾಕ್ ಟಾಸ್ಕ್‌ನ ಸ್ಕಾಲಾಕ್‌ಆಪ್ಶನ್ಸ್‌ಗೆ '-ಇಂಪ್ಲಿಸಿಟ್ಸ್' ಸೇರಿಸಿ. ಆಗ ಆ ಮೆಥಡ್‌ಗಳ ಜೊತೆ ಪ್ರಿಡೆಫ್‌ನ (ಎಲ್ಲ ಕೋಡ್‌ಗೂ ತಾನಾಗಿ ಸೇರುವ ಆಬ್ಜೆಕ್ಟ್) ಬಾಣದ ಗುರುತು, ಎನ್‌ಶೂರಿಂಗ್ ಮುಂತಾದವೂ ಎಲ್ಲ ಕ್ಲಾಸ್‌ಗಳ ಪುಟಕ್ಕೆ ನುಗ್ಗುತ್ತವೆ. '-ಇಂಪ್ಲಿಸಿಟ್ಸ್-ಹೈಡ್' ಕೊಟ್ಟು ಅವನ್ನು ಮರೆಮಾಡಬಹುದು. ಇಂಪ್ಲಿಸಿಟ್ ಕ್ಲಾಸ್‌ನಂತಹ ಕನ್ವರ್ಶನ್, ಕ್ಲಾಸ್‌ನ ಹೆಸರನ್ನೇ ಹೊತ್ತ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿದ್ದರೆ ಪುಟದಲ್ಲಿ ಬರುತ್ತದೆ. ಬೇರೆ ಆಬ್ಜೆಕ್ಟ್‌ನಲ್ಲಿಟ್ಟು ಇಂಪೋರ್ಟ್ ಮಾಡಿಸುವಂತಿದ್ದರೆ ಬರುವುದಿಲ್ಲ, ಹಾಗಾಗಿ ಕ್ಲಾಸ್‌ನ ವಿವರಣೆಯಲ್ಲೇ ಇಂಪೋರ್ಟ್ ಸಾಲನ್ನು ಬರೆದಿಡಿ.

ಸ್ಕಾಲಾ 3ರಲ್ಲಿ ಟೂಲ್ ಹೊಸದು. ಅದು ಓದುವುದು ಕಂಪೈಲ್ ಆದ ಟೇಸ್ಟಿ ಫೈಲ್‌ಗಳನ್ನು. 'ಯೂಸಿಂಗ್' (ಇಂಪ್ಲಿಸಿಟ್‌ನ ಹೊಸ ರೂಪ) ಪ್ಯಾರಾಮೀಟರ್‌ಗಳು ಸಿಗ್ನೇಚರ್‌ನಲ್ಲೇ ಕಾಣುತ್ತವೆ. ಆದರೆ ಆ ಮೌಲ್ಯ ಎಲ್ಲಿ ಸಿಗುತ್ತದೆಂದು ಯಾವ ಆವೃತ್ತಿಯ ಸಿಗ್ನೇಚರೂ ಹೇಳುವುದಿಲ್ಲ. ಅದಕ್ಕೆ ಟೈಪ್‌ನ ಮೇಲೆ 'ಇಂಪ್ಲಿಸಿಟ್‌ನಾಟ್‌ಫೌಂಡ್' ಅನೊಟೇಶನ್ ಹಾಕಬೇಕು. ಹಿನ್ನೆಲೆಯ ಕೆಲಸಗಳನ್ನು ನಡೆಸುವ ಎಕ್ಸಿಕ್ಯೂಶನ್‌ಕಾಂಟೆಕ್ಸ್ಟ್‌ಗೆ ಅದಿದೆ; ಆದ್ದರಿಂದಲೇ ಫ್ಯೂಚರ್ (ಮುಂದೆ ಸಿಗಲಿರುವ ಫಲಿತಾಂಶ) ಬಳಸುವಾಗ ಅದನ್ನು ಒದಗಿಸದಿದ್ದರೆ ಯಾವುದನ್ನು ಇಂಪೋರ್ಟ್ ಮಾಡಬಹುದೆಂದು ಕಂಪೈಲರೇ ತಿಳಿಸುತ್ತದೆ.