ಪ್ರಭೇದಗಳ ಹೋಲಿಕೆಗೆ ಕಾಂಟ್ರಾಸ್ಟ್ ಲೆಕ್ಕವೋ, ಪಿಜಿಎಲ್‌ಎಸ್ಸೋ?

ಸಸ್ತನಿಗಳ ದೇಹತೂಕಕ್ಕೂ ಮಿದುಳಿನ ತೂಕಕ್ಕೂ ಸಾದಾ ರಿಗ್ರೆಷನ್ (ಚುಕ್ಕಿಗಳಿಗೆ ಹೊಂದುವ ರೇಖೆ ಎಳೆಯುವ ಲೆಕ್ಕ) ಹಾಕಿದರೆ ಪಿ-ಮೌಲ್ಯ (ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) ಚೆಂದವಾಗಿಯೇ ಬರುತ್ತದೆ. ನಂಬಬೇಡಿ. ಹುಲಿ, ಸಿಂಹ, ಚಿರತೆ ಗ್ರಾಫಿನಲ್ಲಿ ಮೂರು ಚುಕ್ಕಿ ನಿಜ, ಆದರೆ ಮೂರು ಸ್ವತಂತ್ರ ಸಾಕ್ಷಿಗಳಲ್ಲ. ಅವುಗಳ ಬಹಳಷ್ಟು ಗುಣ ಒಬ್ಬನೇ ಪೂರ್ವಜನಿಂದ ಬಂದದ್ದು.

ಇದಕ್ಕೆ ಪರಿಹಾರವಾಗಿ 1985ರಲ್ಲಿ ಜೋಸೆಫ್ ಫೆಲ್ಸೆನ್‌ಸ್ಟೀನ್ ಕೊಟ್ಟ ಕಾಂಟ್ರಾಸ್ಟ್ ವಿಧಾನ ಪ್ರಭೇದಗಳ ಬದಲು ಸೋದರ ಕವಲುಗಳ ನಡುವಿನ ವ್ಯತ್ಯಾಸಗಳನ್ನು ಹೋಲಿಸುತ್ತದೆ, ಅದನ್ನು ಕಾಗದದ ಮೇಲೇ ಮಾಡಬಹುದು. ಎರಡು ಸೋದರ ಪ್ರಭೇದಗಳ ಲಾಗ್ ತೂಕ 2.2 ಮತ್ತು 1.8, ವಂಶವೃಕ್ಷದಲ್ಲಿ ಎರಡೂ ಕವಲುಗಳ ಉದ್ದ (ಪೂರ್ವಜನಿಂದ ಬೇರ್ಪಟ್ಟ ಮೇಲೆ ಕಳೆದ ಕಾಲ) 8 ಎನ್ನೋಣ. ವ್ಯತ್ಯಾಸ 0.4, ಅದನ್ನು ಕವಲುಗಳ ಮೊತ್ತ 16ರ ವರ್ಗಮೂಲ 4ರಿಂದ ಭಾಗಿಸಿದರೆ 0.1. ಪೂರ್ವಜನಿಗೆ 2.0 ಬರೆದು, ಅದರ ಕೆಳಗಿನ ಕವಲಿಗೆ (8×8)/16, ಅಂದರೆ 4 ಕೂಡಿಸಿ ಬುಡದತ್ತ ಸಾಗಬೇಕು. 40 ಪ್ರಭೇದಕ್ಕೆ 39 ಕಾಂಟ್ರಾಸ್ಟ್. ಯಾವುದರಿಂದ ಯಾವುದನ್ನು ಕಳೆದಿರೋ, ಎರಡನೇ ಲಕ್ಷಣದಲ್ಲೂ ಅದೇ ದಿಕ್ಕು ಇರಲಿ. ಈ ಕಾಂಟ್ರಾಸ್ಟ್‌ಗಳಿಗೆ ಎಳೆಯುವ ರಿಗ್ರೆಷನ್ ರೇಖೆ ಸೊನ್ನೆಯ ಮೂಲಕವೇ ಹಾಯಬೇಕು. ಇಂಟರ್ಸೆಪ್ಟ್‌ಗೆ, ಅಂದರೆ ರೇಖೆ ಅಕ್ಷವನ್ನು ಸೊನ್ನೆಯಲ್ಲದ ಕಡೆ ದಾಟುವುದಕ್ಕೆ, ಅವಕಾಶ ಕೊಟ್ಟರೆ ಲೆಕ್ಕ ಕೆಟ್ಟಿತು.

ಪಿಜಿಎಲ್‌ಎಸ್ (ಫೈಲೋಜೆನೆಟಿಕ್ ಜನರಲೈಸ್ಡ್ ಲೀಸ್ಟ್ ಸ್ಕ್ವೇರ್ಸ್, ವಂಶವೃಕ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ರಿಗ್ರೆಷನ್) ವಂಶವೃಕ್ಷವನ್ನು ಇಡಿಯಾಗಿ ಒಂದು ಸಹವ್ಯತ್ಯಯ ಮ್ಯಾಟ್ರಿಕ್ಸ್, ಅಂದರೆ ಯಾವ ಎರಡು ಪ್ರಭೇದಗಳು ಎಷ್ಟು ಇತಿಹಾಸ ಹಂಚಿಕೊಂಡಿವೆ ಎಂಬ ಕೋಷ್ಟಕ, ಮಾಡಿಕೊಳ್ಳುತ್ತದೆ. ಬ್ರೌನಿಯನ್ ಮಾದರಿ (ಲಕ್ಷಣ ಕಾಲದೊಂದಿಗೆ ಯಾದೃಚ್ಛಿಕವಾಗಿ ಅತ್ತಿತ್ತ ಸರಿಯುತ್ತದೆ ಎಂಬ ಊಹೆ) ಇಟ್ಟರೆ ರೇಖೆಯ ಇಳಿಜಾರು ಎರಡು ವಿಧಾನದಲ್ಲೂ ಒಂದೇ, ದಶಾಂಶದವರೆಗೂ. ಹಾಗಾದರೆ ಪಿಜಿಎಲ್‌ಎಸ್ ಯಾಕೆ? ಪೇಗೆಲ್‌ನ ಲ್ಯಾಂಬ್ಡಾಕ್ಕಾಗಿ, ಅಂದರೆ ವಂಶವೃಕ್ಷದ ಪ್ರಭಾವ ಎಷ್ಟಿದೆ ಎಂದು ಹೇಳುವ ಸಂಖ್ಯೆಗಾಗಿ. ಅದು 0 ಆದರೆ ಸಾದಾ ರಿಗ್ರೆಷನ್, 1 ಆದರೆ ಪೂರ್ಣ ಬ್ರೌನಿಯನ್. ನಡುವಿನ ಬೆಲೆಯನ್ನು ದತ್ತಾಂಶವೇ ಹೇಳುತ್ತದೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ: ಒಂದೊಂದು ಲಕ್ಷಣಕ್ಕೂ ಬೇರೆಬೇರೆ ಲ್ಯಾಂಬ್ಡಾ ಅಳೆದು, ವಂಶವೃಕ್ಷ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನೋಡಬೇಕಾದದ್ದು ರಿಗ್ರೆಷನ್ನಿನ ಶೇಷಗಳಲ್ಲಿ (ಚುಕ್ಕಿಗಳು ರೇಖೆಯಿಂದ ಇರುವ ಅಂತರಗಳಲ್ಲಿ) ಉಳಿದ ವಂಶದ ನಂಟನ್ನು. ಹತ್ತು ಹದಿನೈದು ಪ್ರಭೇದಗಳಷ್ಟೇ ಇದ್ದರೆ ಲ್ಯಾಂಬ್ಡಾ 0ಯಿಂದ 1ರವರೆಗೂ ಓಲಾಡುತ್ತದೆ, ಅದರ ಮೇಲೆ ಭಾರ ಹಾಕಬಾರದು.

ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡೂ ವಿಧಾನಕ್ಕೆ ಪ್ರಭೇದಗಳ ಹೆಸರಿನದೇ ಕಾಟ. ಏಪ್ ಪ್ಯಾಕೇಜಿನಲ್ಲಿ ಕಾಂಟ್ರಾಸ್ಟ್ ಲೆಕ್ಕ ಹಾಕುವ 'ಪಿಕ್'ಗೆ ಹೆಸರಿಲ್ಲದ ವೆಕ್ಟರ್ (ಬೆಲೆಗಳ ಸಾಲು) ಕೊಟ್ಟರೆ ಮರದ ತುದಿಗಳ ಕ್ರಮದಲ್ಲೇ ಇದೆ ಎಂದುಕೊಂಡು, ಇಲಿಯ ತೂಕವನ್ನು ಆನೆಗೆ ಕಟ್ಟಿಬಿಡುತ್ತದೆ. ಪಿಜಿಎಲ್‌ಎಸ್ ಮಾಡುವ ಕೇಪರ್ ಪ್ಯಾಕೇಜಿನಲ್ಲಿ ಮರದ ಹೆಸರಿಗೆ ಅಂಡರ್‌ಸ್ಕೋರ್, ಪಟ್ಟಿಯಲ್ಲಿ ಖಾಲಿ ಜಾಗ ಇದ್ದರೆ ಆ ಪ್ರಭೇದ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಓಡಿಸುವ ಮೊದಲು ಸಾಲುಗಳನ್ನು ಎಣಿಸಿ. ಸೊನ್ನೆ ಉದ್ದದ ಸೋದರ ಕವಲುಗಳಿದ್ದರೆ ಕಾಂಟ್ರಾಸ್ಟ್‌ನಲ್ಲಿ ಸೊನ್ನೆಯ ಭಾಗಾಕಾರ, ಪಿಜಿಎಲ್‌ಎಸ್‌ನಲ್ಲಿ ವಿಲೋಮವಿಲ್ಲದ ಮ್ಯಾಟ್ರಿಕ್ಸ್.

ವರದಿಗೆ ನಮ್ಮ ಆಯ್ಕೆ ಪಿಜಿಎಲ್‌ಎಸ್, ಲ್ಯಾಂಬ್ಡಾದ ವಿಶ್ವಾಸಾಂತರ (ನಿಜ ಬೆಲೆ ಇರಬಹುದಾದ ವ್ಯಾಪ್ತಿ) ಸಮೇತ. ಆದರೆ ಕಾಂಟ್ರಾಸ್ಟ್‌ಗಳ ಚಿತ್ರ ಬರೆಯದೆ ಅಲ್ಲಿಗೆ ಹೋಗಬೇಡಿ: ಇಡೀ ಸಂಬಂಧ ಬುಡದ ಒಂದೇ ಕವಲೊಡೆತದ ಮೇಲೆ ನಿಂತಿದ್ದರೆ, ದೂರದಲ್ಲಿ ಒಂಟಿಯಾಗಿ ಕೂತ ಆ ಒಂದು ಚುಕ್ಕಿ ಅಲ್ಲಿ ಕಣ್ಣಿಗೆ ಬೀಳುತ್ತದೆ.