ಬಿಗಿನ್, ಕಮಿಟ್ ಎರಡೂ ಇತ್ತು. ಮಂಟಪ ಮಾತ್ರ ಇಬ್ಬರಿಗೆ ಬುಕ್ ಆಗಿತ್ತು

ಡೇಟಾಬೇಸ್ ಹೊಸದಾಗಿ ಕಲಿಯುತ್ತಿರುವವರೂ ಅವರಿಗಾಗಿ ಕೈಪಿಡಿ ಬರೆಯುವವರೂ ದಯವಿಟ್ಟು ಓದಿ.

ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ತಂತ್ರಾಂಶವೊಂದು ಒಂದೇ ಮುಹೂರ್ತದ ದಿನವನ್ನು ಎರಡು ಮನೆಯವರಿಗೆ ಕೊಟ್ಟುಬಿಟ್ಟಿತ್ತು. ಇಬ್ಬರ ಕೈಯಲ್ಲೂ ಅಡ್ವಾನ್ಸ್ ರಸೀದಿ, ಒಬ್ಬರದಂತೂ ಲಗ್ನಪತ್ರಿಕೆಯೇ ಅಚ್ಚಾಗಿತ್ತು. ಮ್ಯಾನೇಜರ್ ಎರಡೂ ಕಡೆಯಿಂದ ಬೈಸಿಕೊಂಡ ಮೇಲೆ, ಏನಾಗಿದೆ ನೋಡಿ ಅಂತ ನನ್ನನ್ನು ಕರೆದರು.

ಕೋಡ್ ಬರೆದ ಹುಡುಗರು ಕೈಪಿಡಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರು. ‘ಟ್ರಾನ್ಸಾಕ್ಷನ್ ಒಳಗೆ ಬರೆದರೆ ಡೇಟಾ ಸುರಕ್ಷಿತ’ ಅಂತ ಅದರಲ್ಲಿತ್ತು. ಟ್ರಾನ್ಸಾಕ್ಷನ್ ಅಂದರೆ ಬಿಗಿನ್ ಕೊಟ್ಟು ಶುರುಮಾಡಿ ಕಮಿಟ್ ಕೊಟ್ಟು ಮುಗಿಸುವ ಕೆಲಸಗಳ ಕಟ್ಟು; ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು. ಜೊತೆಗೆ ಎಲ್ಲ ಕಡೆ ಕಾಣುವ ಅದೇ ಉದಾಹರಣೆ: ಒಬ್ಬರ ಖಾತೆಯಿಂದ ನೂರು ರೂಪಾಯಿ ತೆಗೆದು ಇನ್ನೊಬ್ಬರ ಖಾತೆಗೆ ಹಾಕುವುದು. ನನಗೆ ಸಿಟ್ಟು ಬರುವುದೇ ಈ ಉದಾಹರಣೆ ಮೇಲೆ. ನಡುವೆ ಕರೆಂಟ್ ಹೋದರೆ ಏನು ಅನ್ನುವುದಕ್ಕೆ ಅದರಲ್ಲಿ ಉತ್ತರ ಇದೆ. ಅದೇ ಹೊತ್ತಿಗೆ ಇನ್ನೊಬ್ಬರು ಬಂದರೆ ಏನು ಅನ್ನುವುದರ ಸುದ್ದಿಯೇ ಇಲ್ಲ. ಓದಿದವರು ಮಾತ್ರ ಎರಡೂ ಗೊತ್ತಾಯಿತು ಅಂದುಕೊಳ್ಳುತ್ತಾರೆ.

ನೀವೇ ಮಾಡಿ ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡು ವಿಂಡೋ ತೆರೆಯಿರಿ. ಎರಡರಲ್ಲೂ ಬಿಗಿನ್ ಕೊಟ್ಟು, ಆ ದಿನಕ್ಕೆ ಬುಕಿಂಗ್ ಎಷ್ಟಿದೆ ಅಂತ ಸೆಲೆಕ್ಟ್ ಮಾಡಿ. ಎರಡರಲ್ಲೂ 0 ಬರುತ್ತದೆ. ಈಗ ಎರಡರಲ್ಲೂ ಇನ್ಸರ್ಟ್ ಮಾಡಿ, ಕಮಿಟ್ ಮಾಡಿ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಟೇಬಲ್‌ನಲ್ಲಿ ಎರಡು ಸಾಲು. ಒಂದೇ ಹೊತ್ತಿಗೆ ಓಡುವ ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದೊಂದು ಎಷ್ಟು ಬೇರೆ ಇಡಬೇಕು ಅನ್ನುವುದಕ್ಕೆ ಮಟ್ಟಗಳಿವೆ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಮಟ್ಟ ರೀಡ್ ಕಮಿಟೆಡ್. ಇನ್ನೊಬ್ಬರು ಕಮಿಟ್ ಮಾಡದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕಿಂತ ಬಿಗಿಯಾದ ರಿಪೀಟಬಲ್ ರೀಡ್‌ಗೆ ಏರಿಸಿದರೂ ಇದೇ ಕಥೆ.

‘ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ’ ಅನ್ನುವವರು ಸಿಗುತ್ತಾರೆ. ಓದಿದ ಸಾಲುಗಳನ್ನು ಬೇರೆಯವರು ಬದಲಿಸದಂತೆ ಬೀಗ ಹಾಕುವ ಆಜ್ಞೆ ಅದು. ಇಲ್ಲದ ಸಾಲಿಗೆ ಬೀಗ ಹಾಕುವುದು ಹೇಗೆ? ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲಿ ಅದರಿಂದ ಏನೂ ಆಗುವುದಿಲ್ಲ. ಮೈಸೀಕ್ವೆಲ್ ಡೇಟಾಬೇಸ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಡೀಫಾಲ್ಟ್ ಮಟ್ಟದಲ್ಲಿ ಖಾಲಿ ಜಾಗಕ್ಕೂ ಬೀಗ ಹಾಕುತ್ತದೆ, ಆದರೆ ಆ ಬೀಗವನ್ನು ಇಬ್ಬರಿಗೂ ಕೊಡುತ್ತದೆ. ಆಮೇಲೆ ಇಬ್ಬರೂ ಇನ್ಸರ್ಟ್ ಮಾಡಹೊರಟು ಒಬ್ಬರಿಗಾಗಿ ಒಬ್ಬರು ಕಾಯುತ್ತ ಸಿಕ್ಕಿಬಿದ್ದು (ಡೆಡ್‌ಲಾಕ್), ಒಬ್ಬರಿಗೆ 1213 ಎರರ್. ಡಬಲ್ ಬುಕಿಂಗ್‌ಗಿಂತ ಅದೇ ವಾಸಿ ಅನ್ನಿ.

ನಮ್ಮಲ್ಲಿ ಸಾಕಾದದ್ದು ಮಂಟಪ ಮತ್ತು ದಿನಾಂಕ ಸೇರಿಸಿ ಒಂದು ಯೂನೀಕ್ ನಿರ್ಬಂಧ, ಅಂದರೆ ಅದೇ ಜೋಡಿ ಟೇಬಲ್‌ನಲ್ಲಿ ಎರಡು ಸಲ ಬರಕೂಡದು ಅನ್ನುವ ನಿಯಮ. ಎರಡನೆಯವರ ಇನ್ಸರ್ಟ್ ಮೊದಲನೆಯವರ ಕಮಿಟ್‌ಗೆ ಕಾದು ನಿಂತು, ಆಮೇಲೆ ಸೋಲುತ್ತದೆ. ಇಡೀ ದಿನದ ಬದಲು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರಿಗೆ ಇದು ಸಾಲದು. ಅಂಥವರಿಗೆ, ಅವಧಿಗಳು ಒಂದರ ಮೇಲೊಂದು ಬೀಳದಂತೆ ತಡೆಯಲು, ಪೋಸ್ಟ್‌ಗ್ರೆಸ್‌ನ ಎಕ್ಸ್‌ಕ್ಲೂಷನ್ ನಿರ್ಬಂಧ ಇದೆ.

ಟ್ರಾನ್ಸಾಕ್ಷನ್‌ಗಳು ಒಂದಾದ ಮೇಲೊಂದು ಓಡಿದಂತೆಯೇ ಫಲಿತಾಂಶ ಬರಬೇಕು ಅನ್ನುವ ಸೀರಿಯಲೈಸಬಲ್ ಮಟ್ಟವೂ ಒಂದು ದಾರಿ. ಪೋಸ್ಟ್‌ಗ್ರೆಸ್‌ನಲ್ಲಿ 2011ರ 9.1 ಆವೃತ್ತಿಯಿಂದ ಅದು ಹೆಸರಿಗೆ ತಕ್ಕಂತೆ ಕೆಲಸ ಮಾಡುತ್ತಿದೆ. ಓರಾಕಲ್ ಡೇಟಾಬೇಸ್‌ನಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಸ್ನ್ಯಾಪ್‌ಶಾಟ್ (ಶುರುವಿನ ಹೊತ್ತಿನ ಡೇಟಾದ ಚಿತ್ರ) ಮಾತ್ರ. ಸೀರಿಯಲೈಸಬಲ್ ಬಳಸುವುದಾದರೆ, ಟ್ರಾನ್ಸಾಕ್ಷನ್‌ಗಳು ಡಿಕ್ಕಿಯಾಗಿ 40001 ಎರರ್ ಬಂದಾಗ ಇಡೀ ಟ್ರಾನ್ಸಾಕ್ಷನ್ನನ್ನು ಮೊದಲಿಂದ ಮತ್ತೆ ಓಡಿಸುವ ಕೋಡ್ ನೀವೇ ಬರೆಯಬೇಕು. ಆ ಕೈಪಿಡಿಯಲ್ಲಿ ‘ಹೆಚ್ಚಿನ ಸುರಕ್ಷತೆಗೆ ಸೀರಿಯಲೈಸಬಲ್ ಬಳಸಿ’ ಅಂತ ಒಂದು ಸಾಲು ಇತ್ತು, ಮತ್ತೆ ಓಡಿಸುವ ಮಾತು ಎಲ್ಲೂ ಇರಲಿಲ್ಲ.